98 ಅಕ್ಷರಗಳ ಬಾಲ

ಪ್ರಶಸ್ತಿ ಬಂದ ಮರುದಿನ ವಿಜ್ಞಾನಿಯೊಬ್ಬರ ಮೂವತ್ತು ವರ್ಷದ ದುಡಿಮೆ ಪತ್ರಿಕೆಯಲ್ಲಿ ಒಂದೇ ವಾಕ್ಯಕ್ಕೆ ಇಳಿದುಬಿಡುತ್ತದೆ. 2020ರ ವೈದ್ಯಕೀಯ ನೊಬೆಲ್ ವಿಷಯದಲ್ಲೂ ಹಾಗೇ ಆಯಿತು. ಹೆಪಟೈಟಿಸ್ ಸಿ ವೈರಸ್ ಪತ್ತೆಗಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಮೂವರಿಗೂ ಹಂಚಿಕೊಟ್ಟರು. ರಕ್ತ ಪಡೆದವರಿಗೆ ಬರುತ್ತಿದ್ದ ಕಾಮಾಲೆ ಎ-ಯೂ ಅಲ್ಲ ಬಿ-ಯೂ ಅಲ್ಲ ಎಂದು ಆಲ್ಟರ್ ತೋರಿಸಿದರು, ಹೌಟನ್ ತಂಡ 1989ರಲ್ಲಿ ವೈರಸ್ಸನ್ನು ಹಿಡಿಯಿತು. ಇವೆರಡು ಯಾರಿಗಾದರೂ ಅರ್ಥವಾಗುತ್ತವೆ. ರೈಸ್ ಬಗ್ಗೆ ಬರೆದದ್ದು ಮಾತ್ರ ಸಪ್ಪೆ: ಈ ವೈರಸ್ ಒಂದೇ ಸಾಕು, ಕಾಯಿಲೆ ಬರುತ್ತದೆ ಎಂದು ಸಾಬೀತು ಮಾಡಿದರು. ಅಷ್ಟೇನಾ, ಅದಕ್ಕೇಕೆ ನೊಬೆಲ್ ಎಂದು ಓದುಗ ಕೇಳಿದರೆ ತಪ್ಪಿಲ್ಲ.

ಆ ಸಪ್ಪೆ ವಾಕ್ಯದೊಳಗೆ ಏನಿದೆ ಎಂದು ಬಿಡಿಸಿ ನೋಡಿದರೆ ವೈರಾಲಜಿಯ ನಿತ್ಯದ ಕಷ್ಟವೆಲ್ಲ ಅಲ್ಲೇ ಸಿಗುತ್ತದೆ. 1989ರಲ್ಲಿ ವೈರಸ್ಸಿನ ಅಕ್ಷರಮಾಲೆ ಕೈಗೆ ಬರತೊಡಗಿತು, ಅಂದರೆ ಅದರ ಆರ್‌ಎನ್‌ಎಯಲ್ಲಿ ಎ, ಯು, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳು ಕೂತ ಸಾಲು, ಸೀಕ್ವೆನ್ಸ್. ಇಡೀ ಸಾಲಿಗೆ ಜೀನೋಮ್ ಎನ್ನುತ್ತಾರೆ. ವೈರಸ್ಸನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಲು ಆದದ್ದು 2005ರಲ್ಲಿ. ನಡುವಿನ ಹದಿನಾರು ವರ್ಷ ಈ ಕ್ಷೇತ್ರದವರ ಬಳಿ ವೈರಸ್ಸಿನ ಹೆಸರಿತ್ತು, ಫೋಟೋದಂಥ ಸೀಕ್ವೆನ್ಸ್ ಇತ್ತು, ರಕ್ತಪರೀಕ್ಷೆ ಇತ್ತು. ವೈರಸ್ ಇರಲಿಲ್ಲ. ಇಂಥ ಹೊತ್ತಿನಲ್ಲಿ ಒಬ್ಬ ಸಂಶೋಧಕ ದಿನಾ ಬೆಳಗ್ಗೆ ಲ್ಯಾಬಿಗೆ ಹೋಗಿ ಮಾಡುವುದಾದರೂ ಏನು?

ಎರಡು ದಿನದಲ್ಲಿ ಉತ್ತರ ಕೊಡುವ ವೈರಸ್

ರೈಸ್ ಪಳಗಿದ್ದು ಇದಕ್ಕೆ ಪೂರಾ ಉಲ್ಟಾ ಇರುವ ವೈರಸ್ಸಿನಲ್ಲಿ. ಕ್ಯಾಲ್ಟೆಕ್‌ನಲ್ಲಿ ಜೇಮ್ಸ್ ಸ್ಟ್ರಾಸ್ ಲ್ಯಾಬಿನಲ್ಲಿ ಅವರು ಪಿಎಚ್‌ಡಿ ಮಾಡಿದ್ದು ಸಿಂಡ್‌ಬಿಸ್ ಎಂಬ ಸೊಳ್ಳೆ ವೈರಸ್ ಮೇಲೆ. ವೈರಾಲಜಿಸ್ಟ್‌ಗೆ ಇದಕ್ಕಿಂತ ಸಲೀಸಾದ ವೈರಸ್ ಸಿಗುವುದು ಕಷ್ಟ. ಜೀವಕೋಶಗಳ ಮೇಲೆ ಹಾಕಿದರೆ ಎರಡೇ ದಿನದಲ್ಲಿ ಕೊಂದು ತೂತು ಬೀಳಿಸುತ್ತದೆ. ಆ ತೂತುಗಳೇ ಪ್ಲಾಕ್. ಅವನ್ನು ಎಣಿಸುವ ಪರೀಕ್ಷೆಯೇ ಪ್ಲಾಕ್ ಅಸ್ಸೇ.

ಈ ಅಸ್ಸೇ ಹೇಳಲು ಸುಲಭ. ವೈರಸ್ ದ್ರವವನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಎಂದು ತೆಳುಮಾಡುತ್ತ ಹೋಗಬೇಕು. ಒತ್ತಾಗಿ ಬೆಳೆದ ಜೀವಕೋಶಗಳ ಮೇಲೆ ಒಂದೊಂದನ್ನೂ ಹಾಕಿ, ಒಂದು ಗಂಟೆ ಬಿಟ್ಟು, ಮೇಲೆ ಅಗರೋಸ್ ಎಂಬ ಕರಗಿಸಿದ ಜೆಲ್ಲಿ ಸುರಿಯಬೇಕು. ಹೊಸ ವೈರಸ್ ದೂರ ಹರಿದುಹೋಗದೆ ಪಕ್ಕದ ಜೀವಕೋಶಕ್ಕೆ ಮಾತ್ರ ಹಬ್ಬಲಿ ಎಂದು ಈ ಮುಚ್ಚಳ. ಎರಡು ದಿನದ ನಂತರ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿದರೆ ಬದುಕಿದ ಜೀವಕೋಶ ನೇರಳೆ, ಸತ್ತ ಜಾಗ ಖಾಲಿ. ಕೆಡುವುದು ಮೂರು ಕಡೆ. ಅಗರೋಸ್ 42 ಡಿಗ್ರಿಗಿಂತ ಬಿಸಿಯಿದ್ದರೆ ಜೀವಕೋಶವೇ ಬೆಂದು ಇಡೀ ಬಾವಿ (ತಟ್ಟೆಯ ಗುಂಡಿ) ಖಾಲಿಯಾಗುತ್ತದೆ, ಹೊಸಬರು ಅದನ್ನು ವೈರಸ್ಸಿನ ಪ್ರತಾಪವೆಂದು ತಿಳಿಯುತ್ತಾರೆ. ತಣ್ಣಗಾಗಿದ್ದರೆ ಗಂಟುಗಂಟಾಗಿ ಹೆಪ್ಪುಗಟ್ಟಿ ಎಣಿಕೆ ಆಗುವುದಿಲ್ಲ. ಇನ್ನು ಒಂದು ಹಂತದಿಂದ ಮುಂದಿನ ಹಂತಕ್ಕೆ ಪಿಪೆಟ್ ಟಿಪ್ ಬದಲಿಸದೇ ಹೋದರೆ ಗೋಡೆಗೆ ಅಂಟಿದ ವೈರಸ್ ಜೊತೆಗೇ ಸಾಗುತ್ತದೆ. ಹತ್ತು ಪಟ್ಟು ಇಳಿಯಬೇಕಾದ ಸಂಖ್ಯೆ ಮೂರ್ನಾಲ್ಕು ಪಟ್ಟಷ್ಟೇ ಇಳಿದರೆ ಮೊದಲು ಅನುಮಾನಪಡಬೇಕಾದ್ದು ಟಿಪ್ಪನ್ನು.

ಈ ವಿವರ ಹೇಳಿದ್ದಕ್ಕೆ ಕಾರಣವಿದೆ. ಅಸ್ಸೇ ಎರಡು ದಿನದ್ದಾದರೆ ತಪ್ಪುಗಳೂ ಎರಡು ದಿನದಲ್ಲಿ ಗೊತ್ತಾಗುತ್ತವೆ. 1987ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ ರೈಸ್ ಮತ್ತು ಜೊತೆಗಾರರು ಸಿಂಡ್‌ಬಿಸ್‌ನ ಇಡೀ ಜೀನೋಮಿನ ಡಿಎನ್‌ಎ ನಕಲನ್ನು ಪ್ಲಾಸ್ಮಿಡ್‌ಗೆ, ಅಂದರೆ ಬ್ಯಾಕ್ಟೀರಿಯಾದೊಳಗೆ ಬೆಳೆಸಬಹುದಾದ ಡಿಎನ್‌ಎ ಉಂಗುರಕ್ಕೆ, ಏರಿಸಿದರು. ಅದರಿಂದ ಕೊಳವೆಯಲ್ಲೇ ಆರ್‌ಎನ್‌ಎ ತಯಾರಿಸಿ ಜೀವಕೋಶಕ್ಕೆ ಕೊಟ್ಟು ಜೀವಂತ ವೈರಸ್ ಪಡೆದರು. ಪೋಲಿಯೋದಲ್ಲಿ ಇಂಥದ್ದನ್ನು 1981ರಲ್ಲೇ ರಕನೆಲ್ಲೊ ಮತ್ತು ಬಾಲ್ಟಿಮೋರ್ ಮಾಡಿದ್ದರು. ಇದಕ್ಕೆ ಇನ್‌ಫೆಕ್ಷಿಯಸ್ ಕ್ಲೋನ್ ಎನ್ನುತ್ತಾರೆ. ಕ್ಲೋನ್ ಕೈಯಲ್ಲಿದ್ದರೆ ಯಾವ ಅಕ್ಷರವನ್ನು ಬೇಕಾದರೂ ಬದಲಿಸಿ, ವೈರಸ್ ಏನು ಮಾಡುತ್ತದೆ ನೋಡಬಹುದು. ಹಳದಿ ಜ್ವರದ ಲಸಿಕೆ ತಳಿಯ 10,862 ಅಕ್ಷರಗಳನ್ನು ಅವರ ಗುಂಪು 1985ರಲ್ಲೇ ಓದಿ ಮುಗಿಸಿತ್ತು. ಅದರ ಕ್ಲೋನ್ ಮಾತ್ರ ತಂಟೆ ಮಾಡಿತು, ಪೂರ್ಣ ಜೀನೋಮ್ ಇಟ್ಟುಕೊಂಡ ಬ್ಯಾಕ್ಟೀರಿಯಾ ಅದನ್ನು ಸಹಿಸದೆ ತುಂಡು ತುಂಡು ಕಿತ್ತು ಬಿಸಾಡುತ್ತಿತ್ತು. ಹಾಗಾಗಿ ಎರಡು ಪ್ಲಾಸ್ಮಿಡ್‌ಗಳಲ್ಲಿ ಅರ್ಧರ್ಧ ಇಟ್ಟು, ಬೇಕಾದಾಗ ಕೊಳವೆಯಲ್ಲಿ ಜೋಡಿಸಿ, 1989ರಲ್ಲಿ ವೈರಸ್ ಹೊರತೆಗೆದರು. ಹಳದಿ ಜ್ವರದ ಬಳಗವಾದ ಫ್ಲಾವಿವೈರಸ್‌ಗಳ ಮೇಲೆ ಕೆಲಸ ಮಾಡುವವರಿಗೆ ಇವತ್ತಿಗೂ ಈ ಕಾಟ ತಪ್ಪಿಲ್ಲ. ಕಡಿಮೆ ಪ್ರತಿಯ ಪ್ಲಾಸ್ಮಿಡ್ ಬಳಸುವುದು, ಬ್ಯಾಕ್ಟೀರಿಯಾವನ್ನು 37ರ ಬದಲು 30 ಡಿಗ್ರಿಯಲ್ಲಿ ಬೆಳೆಸುವುದು, ತಟ್ಟೆಯಲ್ಲಿ ದೊಡ್ಡ ಕಾಲೊನಿ (ಒಂದೇ ಜೀವಕೋಶದಿಂದ ಬೆಳೆದ ಗುಂಪು) ಬಿಟ್ಟು ಸಣ್ಣದನ್ನೇ ಆರಿಸುವುದು, ಎಲ್ಲ ಇದಕ್ಕಾಗಿಯೇ. ದಷ್ಟಪುಷ್ಟ ಕಾಲೊನಿ ಕಂಡರೆ ಅದು ಜೀನೋಮ್ ಉದುರಿಸಿಕೊಂಡಿದೆ ಎಂದೇ ಲೆಕ್ಕ.

ಅದೇ 1989ರಲ್ಲಿ ಹೆಪಟೈಟಿಸ್ ಸಿ ಸೀಕ್ವೆನ್ಸಿನ ತುಂಡುಗಳು ಬರತೊಡಗಿದವು. ನೋಡಿದರೆ ಹಳದಿ ಜ್ವರದ ದೂರದ ನೆಂಟ. ಆ ಕುಟುಂಬದ ಜೀನೋಮನ್ನು ಓದಿ, ಕ್ಲೋನ್ ಮಾಡಿ ಪಳಗಿದ ಕೈಗಳಿಗೆ ಇದು ತಮ್ಮದೇ ಕೆಲಸ ಎನಿಸಿದ್ದು ಸಹಜ.

ಎಲ್ಲ ಸರಿ, ಆದರೆ ಕೆಲಸ ಮಾಡುವುದಿಲ್ಲ

ಹೆಪಟೈಟಿಸ್ ಸಿ ಜೀನೋಮ್ ಸುಮಾರು 9,600 ಅಕ್ಷರ. ಹಲವು ಲ್ಯಾಬುಗಳು ಅದನ್ನು ಜೋಡಿಸಿ, ಆರ್‌ಎನ್‌ಎ ಮಾಡಿ, ಜೀವಕೋಶಕ್ಕೂ ಚಿಂಪಾಂಜಿಗೂ ಕೊಟ್ಟು ನೋಡಿದವು. ಏನೂ ಆಗಲಿಲ್ಲ. ಈ ಸೊನ್ನೆಗೆ ಕಾರಣ ಹತ್ತಾರಿರಬಹುದು, ಜೀವಕೋಶ ಸರಿಯಿಲ್ಲ, ಆರ್‌ಎನ್‌ಎ ಹಾಳಾಗಿದೆ, ಕ್ಲೋನ್‌ನಲ್ಲಿ ತಪ್ಪಿದೆ, ಜೀನೋಮೇ ಅಪೂರ್ಣ. ಸಿಂಡ್‌ಬಿಸ್ ಆಗಿದ್ದರೆ ಒಂದು ವಾರದಲ್ಲಿ ಒಂದೊಂದನ್ನೇ ತಳ್ಳಿಹಾಕಬಹುದಿತ್ತು. ಇಲ್ಲಿ ನಂಬಬಹುದಾದ ಪರೀಕ್ಷೆ ಚಿಂಪಾಂಜಿ ಒಂದೇ, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ಮೊದಲ ಅನುಮಾನ ಬಿದ್ದದ್ದು ಜೀನೋಮಿನ ತುದಿಯ ಮೇಲೆ. ಪ್ರಕಟವಾದ ಸೀಕ್ವೆನ್ಸ್‌ಗಳು ಬಲತುದಿಯಲ್ಲಿ ಕೆಲವು ಕಡೆ ಯು ಸಾಲಿನಲ್ಲಿ, ಕೆಲವು ಕಡೆ ಎ ಸಾಲಿನಲ್ಲಿ ಮುಗಿಯುತ್ತಿದ್ದವು. ನೆಂಟರಿಷ್ಟರ ಜೀನೋಮ್‌ಗಳನ್ನು ಹತ್ತಿರದಿಂದ ಬಲ್ಲವರಿಗೆ ಇದು ಒಪ್ಪುವಂಥದ್ದಲ್ಲ. ಅವುಗಳ ತುದಿಯಲ್ಲಿ ಮಡಚಿದ ಗಟ್ಟಿ ರಚನೆಯೊಂದು ಇದ್ದೇ ಇರುತ್ತದೆ, ಪಾಲಿಮರೇಸ್ ಎಂಬ ನಕಲು ಕಿಣ್ವ ಕೆಲಸ ಶುರುಮಾಡುವುದು ಅಲ್ಲಿಂದಲೇ. ಹಾಗಾದರೆ ಇಲ್ಲೇಕಿಲ್ಲ? ವಾಡಿಕೆಯ ವಿಧಾನದಲ್ಲಿ ಅದು ಸಿಗುವ ಹಾಗೇ ಇರಲಿಲ್ಲ. ಆರ್‌ಎನ್‌ಎಯನ್ನು ಡಿಎನ್‌ಎ ಮಾಡಲು ಅಲ್ಲಲ್ಲಿ ಕೂತು ನಕಲು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಂಡು, ಅಂದರೆ ಪ್ರೈಮರ್ ಬೇಕು, ಪ್ರೈಮರ್ ಕೂತ ಜಾಗಕ್ಕಿಂತ ಬಲಕ್ಕಿರುವುದು ಎಂದೂ ನಕಲಾಗುವುದಿಲ್ಲ. ತೀರ ಕೊನೆಯ ಭಾಗ ಬಿಗಿಯಾಗಿ ಮಡಚಿಕೊಂಡಿದ್ದರೆ ಪ್ರೈಮರ್ ಕೂರುವುದೇ ಅಪರೂಪ. ಉದ್ದನೆಯ ಯು ಸಾಲಿನಲ್ಲಂತೂ ಕಿಣ್ವ ಜಾರುತ್ತದೆ.

ಉಪಾಯ ಇಷ್ಟು: ವೈರಸ್ಸಿನ ಆರ್‌ಎನ್‌ಎಯ ಬಲತುದಿಗೆ ನಮಗೆ ಗೊತ್ತಿರುವ ಸೀಕ್ವೆನ್ಸಿನ ಚಿಕ್ಕ ತುಂಡೊಂದನ್ನು ಲೈಗೇಸ್ ಕಿಣ್ವದಿಂದ ಅಂಟಿಸು, ಆ ತುಂಡಿಗೆ ಹೊಂದುವ ಪ್ರೈಮರ್ ಹಾಕಿ ಅಲ್ಲಿಂದ ಒಳಕ್ಕೆ ನಕಲು ಮಾಡು. ಆಗ ನಿಜವಾದ ಕೊನೆಯ ಅಕ್ಷರದಿಂದಲೇ ಓದು ಶುರುವಾಗುತ್ತದೆ. ಹೀಗೆ ಮಾಡಿದಾಗ ಯು ಸಾಲಿನ ಆಚೆ ಇನ್ನೂ 98 ಅಕ್ಷರಗಳಿದ್ದವು. ಬೇರೆ ಬೇರೆ ರೋಗಿಗಳ ವೈರಸ್ಸಿನಲ್ಲೂ ಹೆಚ್ಚುಕಡಿಮೆ ಅವೇ ಅಕ್ಷರಗಳು. ಸದಾ ರೂಪ ಬದಲಿಸುವ ವೈರಸ್ಸೊಂದು ಒಂದು ತುಂಡನ್ನು ಹೀಗೆ ಜೋಪಾನ ಮಾಡಿಕೊಂಡಿದ್ದರೆ ಅದು ಇಲ್ಲದೆ ಅದರ ಬಾಳು ನಡೆಯುವುದಿಲ್ಲ ಎಂದೇ ಅರ್ಥ. ಜಪಾನಿನ ಶಿಮೋಟೊನೊ ತಂಡ 1995ರಲ್ಲಿ, ರೈಸ್ ತಂಡದ ಕೋಲಿಖಾಲೋವ್ ಮುಂತಾದವರು ಪ್ರತ್ಯೇಕವಾಗಿ 1996ರಲ್ಲಿ ಇದನ್ನು ಪ್ರಕಟಿಸಿದರು. ಅಂದರೆ ಅಷ್ಟು ದಿನ ಎಲ್ಲರೂ ಪರೀಕ್ಷಿಸಿದ್ದು ಬಾಲ ಕತ್ತರಿಸಿದ ಜೀನೋಮನ್ನು.

ಬಾಲ ಸೇರಿಸಿದರು. ಆಗಲೂ ಕೆಲಸ ಮಾಡಲಿಲ್ಲ!

ಒಂದು ಪ್ರತಿಯನ್ನು ನಂಬಬೇಡ

ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಆರ್‌ಎನ್‌ಎ ವೈರಸ್ಸಿನ ಪಾಲಿಮರೇಸ್‌ಗೆ ತಪ್ಪು ತಿದ್ದುವ ಅಭ್ಯಾಸವಿಲ್ಲ, ಸುಮಾರು ಹತ್ತು ಸಾವಿರ ಅಕ್ಷರಕ್ಕೆ ಒಂದು ತಪ್ಪು. ಜೀನೋಮ್ 9,600 ಅಕ್ಷರ. ಎಂದರೆ ಹೊಸದಾಗಿ ಹುಟ್ಟುವ ಪ್ರತಿಯೊಂದರಲ್ಲೂ ಸರಾಸರಿ ಒಂದು ತಪ್ಪು. ಅದರ ಮೇಲೆ ಪಿಸಿಆರ್, ಅಂದರೆ ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡಿ ಹೆಚ್ಚಿಸುವ ವಿಧಾನ. ಅದರಲ್ಲಿ ಆ ಕಾಲದ ಟ್ಯಾಕ್ ಪಾಲಿಮರೇಸ್ ಸುತ್ತೊಂದಕ್ಕೆ ಲಕ್ಷ ಅಕ್ಷರಕ್ಕೆ ಒಂದೆರಡು ತಪ್ಪು ಮಾಡುತ್ತಿತ್ತು ಎಂದಿಟ್ಟುಕೊಂಡರೂ ಮೂವತ್ತು ಸುತ್ತಿನ ಬಳಿಕ ಇಡೀ ಜೀನೋಮ್ ಉದ್ದಕ್ಕೆ ಮೂರರಿಂದ ಆರು ಹೊಸ ತಪ್ಪು ಸೇರುತ್ತವೆ. ರೋಗಿಯ ರಕ್ತದಲ್ಲಿರುವ ಕಣಗಳಲ್ಲೇ ಅನೇಕವು ಹೆಣ. ಆ ಗುಂಪಿನಿಂದ ಒಂದನ್ನೇ ಹೆಕ್ಕಿ ಕ್ಲೋನ್ ಮಾಡಿದರೆ ಸಿಕ್ಕಿದ್ದು ಬದುಕಿರುವ ಪ್ರತಿ ಎಂದು ಹೇಳುವವರು ಯಾರು? ತುಂಡು ತುಂಡಾಗಿ ಬೇರೆ ಬೇರೆ ಕಣಗಳಿಂದ ತಂದು ಹೊಲಿದ ಜೀನೋಮ್ ಆದರಂತೂ ಮುಗಿಯಿತು.

ಪರಿಹಾರ ಬಹುಮತ. ಒಂದೊಂದು ಭಾಗಕ್ಕೂ ಹಲವು ಕ್ಲೋನ್ ಓದಿ, ಪ್ರತಿ ಸ್ಥಾನದಲ್ಲೂ ಹೆಚ್ಚು ಕ್ಲೋನ್‌ಗಳಲ್ಲಿರುವ ಅಕ್ಷರವನ್ನೇ ಸರಿಯೆಂದು ತೆಗೆದುಕೊಳ್ಳುವುದು. ಒಂದರಲ್ಲಿ ಮಾತ್ರ ಕಂಡ ಬದಲಾವಣೆ ಬಹುಮಟ್ಟಿಗೆ ಕಿಣ್ವದ ತಪ್ಪೋ ಸತ್ತ ಪ್ರತಿಯ ಗುರುತೋ ಆಗಿರುತ್ತದೆ. ಹೀಗೆ ಒಟ್ಟುಗೂಡಿಸಿದ ಸೀಕ್ವೆನ್ಸಿಗೆ ಕನ್ಸೆನ್ಸಸ್ ಎನ್ನುತ್ತಾರೆ. ಗಮನಿಸಿ, ಈ ಅಕ್ಷರಮಾಲೆಯುಳ್ಳ ಕಣ ರೋಗಿಯ ರಕ್ತದಲ್ಲಿ ಒಂದಾದರೂ ಇತ್ತೆಂಬ ಖಾತ್ರಿಯಿಲ್ಲ, ಇದು ಲೆಕ್ಕದಿಂದ ಕಟ್ಟಿದ ವೈರಸ್. ಆದರೂ ಕೆಲಸ ಮಾಡಿದ್ದು ಇದೇ.

ಆರ್‌ಎನ್‌ಎ ತಯಾರಿಯ ಬಗ್ಗೆ ಒಂದು ಮಾತು, ಏಕೆಂದರೆ ಅರ್ಧ ಸೊನ್ನೆಗಳು ಹುಟ್ಟುವುದು ಅಲ್ಲಿ. ಪ್ಲಾಸ್ಮಿಡ್ಡನ್ನು ವೈರಸ್ ಸೀಕ್ವೆನ್ಸ್ ಮುಗಿಯುವ ಕಡೆ ರಿಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸಬೇಕು, ಇಲ್ಲವಾದರೆ ಡಿಎನ್‌ಎ ಓದಿ ಆರ್‌ಎನ್‌ಎ ಮಾಡುವ ಟಿ7 ಪಾಲಿಮರೇಸ್ ನಿಲ್ಲದೆ ಸುತ್ತು ಹೊಡೆಯುತ್ತದೆ. ಟಿ7ಗೆ ಜಿ ಅಕ್ಷರದಿಂದ ಶುರುಮಾಡುವುದು ಇಷ್ಟ, ಪುಣ್ಯಕ್ಕೆ ಹೆಪಟೈಟಿಸ್ ಸಿ ಜೀನೋಮ್ ಕೂಡ ಜಿ-ಯಿಂದಲೇ ಶುರು. ಬಲತುದಿಯಲ್ಲಿ ಕತ್ತರಿಸಿದ ಕಿಣ್ವ ನಾಲ್ಕು ಅಕ್ಷರ ಹೆಚ್ಚು ಉಳಿಸಿದರೆ ಆ ನಾಲ್ಕೂ ಆರ್‌ಎನ್‌ಎಗೆ ಸೇರುತ್ತವೆ. ಮುಂದೆ ಬಂದ ಜೆಎಫ್‌ಎಚ್-1 ಎಂಬ ತಳಿಯ ಕ್ಲೋನನ್ನು ಎಕ್ಸ್‌ಬಿಎ-1 ಕಿಣ್ವದಿಂದ ಕತ್ತರಿಸಿದ ಮೇಲೆ ಮಂಗ್ ಬೀನ್ ನ್ಯೂಕ್ಲಿಯೇಸ್ ಹಾಕಿ ಆ ನಾಲ್ಕನ್ನು ಬೋಳಿಸುವುದು ಇದಕ್ಕೇ. ನಂತರ ಡಿಎನ್‌ಏಸ್ ಹಾಕಿ ಪ್ಲಾಸ್ಮಿಡ್ ಅಳಿಸಬೇಕು. ಕೊನೆಗೆ ಜೆಲ್ ಮೇಲೆ ಓಡಿಸಿ ನೋಡಿದರೆ ಒಂದೇ ಚೂಪಾದ ಪಟ್ಟಿ ಕಾಣಬೇಕು. ಕೆಳಗಡೆ ಹೊಗೆಯಂತೆ ಹರಡಿದ್ದರೆ ಆರ್‌ಎನ್‌ಎ ಚೂರಾಗಿದೆ. ಆ ಕೊಳವೆಯನ್ನು ಮುಂದಿನ ಪ್ರಯೋಗಕ್ಕೆ ಒಯ್ಯುವುದು ಸಮಯ ದಂಡ. ಸ್ಪೆಕ್ಟ್ರೋಫೋಟೋಮೀಟರ್ ಚೂರಾದದ್ದಕ್ಕೂ ಇಡಿಯಾದದ್ದಕ್ಕೂ ಒಂದೇ ರೀಡಿಂಗ್ ಕೊಡುತ್ತದೆ, ಅದನ್ನೊಂದೇ ನಂಬಿ ಮೋಸಹೋದವರು ಎಲ್ಲ ಲ್ಯಾಬಿನಲ್ಲೂ ಇದ್ದಾರೆ.

ರಕ್ತದಲ್ಲಿರುವ ಕಿಣ್ವಗಳು ಬರೀ ಆರ್‌ಎನ್‌ಎಯನ್ನು ಕ್ಷಣದಲ್ಲಿ ಕಡಿದುಹಾಕುತ್ತವೆ. ಹಾಗಾಗಿ ಅದನ್ನು ಚಿಂಪಾಂಜಿಯ ಲಿವರ್‌ಗೇ ನೇರ ಚುಚ್ಚಿದರು. ಆಮೇಲೆ ವಾರವಾರ ರಕ್ತ ತೆಗೆದು ಎರಡು ಅಳತೆ: ವೈರಸ್ ಆರ್‌ಎನ್‌ಎ ಎಷ್ಟಿದೆ, ಲಿವರ್ ಜೀವಕೋಶ ಒಡೆದಾಗ ಸೋರುವ ಎಎಲ್‌ಟಿ ಕಿಣ್ವ ಎಷ್ಟಿದೆ. ಚುಚ್ಚಿದ ಆರ್‌ಎನ್‌ಎಯೇ ಪಿಸಿಆರ್‌ನಲ್ಲಿ ಕಾಣುತ್ತಿದೆಯೇನೋ ಎಂಬ ಅನುಮಾನಕ್ಕೆ ಉತ್ತರ ಏರಿಕೆಯಲ್ಲಿದೆ, ಹೊರಗಿನಿಂದ ಹಾಕಿದ್ದು ಇಳಿಯಬೇಕೇ ಹೊರತು ವಾರದಿಂದ ವಾರಕ್ಕೆ ಏರಬಾರದು. ಇಲ್ಲಿ ಏರಿತು, ಲಿವರ್ ಉರಿಯೂತವೂ ಬಂತು. 1997ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಇನ್ನೊಂದು ತಂಡಕ್ಕೂ ಇದೇ ಫಲ ಸಿಕ್ಕಿತು. ಮುಂದೆ ಆ 98 ಅಕ್ಷರ ಕಿತ್ತ ಕ್ಲೋನ್ ಕೊಟ್ಟಾಗ ಸೋಂಕು ಹತ್ತಲಿಲ್ಲ.

ಈಗ ಆ ಸಪ್ಪೆ ವಾಕ್ಯಕ್ಕೆ ವಾಪಸ್ಸು ಬಂದರೆ ಅದರ ತೂಕ ತಿಳಿಯುತ್ತದೆ. ಕೊಟ್ಟಿದ್ದು ರೋಗಿಯ ರಕ್ತವಲ್ಲ, ಕೊಳವೆಯಲ್ಲಿ ಮಾಡಿದ ಶುದ್ಧ ಆರ್‌ಎನ್‌ಎ. ಜೊತೆಗೆ ಇನ್ನೊಂದು ವೈರಸ್ ಅಡಗಿರಲು ಜಾಗವೇ ಇಲ್ಲ.

ಸಾಯುವವರ ನಡುವೆ ಉಳಿದ ಕಾಲೊನಿ

ಚಿಂಪಾಂಜಿಯಲ್ಲಿ ಔಷಧಿ ಹುಡುಕಲಾಗದು, ಸಾವಿರಾರು ರಾಸಾಯನಿಕ ಹಾಕಿ ನೋಡಲು ತಟ್ಟೆಯೇ ಬೇಕು. 1999ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಲೋಮನ್ ಮತ್ತು ಬಾರ್ಟೆನ್‌ಶ್ಲಾಗರ್ ಜಾಣತನದ ಒಂದು ದಾರಿ ಹಿಡಿದರು. ವೈರಸ್ಸಿನ ಹೊರಕವಚದ ಜೀನ್‌ಗಳನ್ನು ತೆಗೆದು ಆ ಜಾಗದಲ್ಲಿ ಜಿ418 ಎಂಬ ವಿಷವನ್ನು ತಡೆಯುವ ಜೀನ್ ಕೂರಿಸಿದರು. ಇದೇ ರೆಪ್ಲಿಕಾನ್. ಹೊರಗೆ ಬರುವ ವೈರಸ್ ಇಲ್ಲ, ಆದರೆ ಆರ್‌ಎನ್‌ಎ ಒಳಗೇ ತನ್ನನ್ನು ನಕಲು ಮಾಡಿಕೊಳ್ಳಬಲ್ಲದು. ಎಲ್ಲಿ ನಕಲು ನಡೆಯುತ್ತದೋ ಆ ಜೀವಕೋಶ ಮಾತ್ರ ವಿಷದಲ್ಲಿ ಬದುಕುತ್ತದೆ. ಲಕ್ಷಕ್ಕೊಂದು ಜೀವಕೋಶದಲ್ಲಿ ಕೆಲಸ ಮಾಡಿದರೂ ಸಾಕು, ಮಿಕ್ಕವು ಸತ್ತು ಅದೊಂದು ಕಣ್ಣಿಗೆ ಕಾಣುವಷ್ಟು ಬೆಳೆಯುತ್ತದೆ. ಉತ್ತರ ಎಷ್ಟೇ ಕ್ಷೀಣವಾಗಿದ್ದರೂ ಕೇಳಿಸುವ ಹಾಗೆ ಪ್ರಶ್ನೆಯನ್ನೇ ತಿರುಗಿಸಿ ಕೇಳಿದ್ದು ಇಲ್ಲಿನ ಹೆಚ್ಚುಗಾರಿಕೆ.

ಮಾಡುವವರಿಗೆ ಗೊತ್ತು, ಇದು ತಾಳ್ಮೆಯ ಕೆಲಸ. ಹುಹ್-7 ಎಂಬ ಲಿವರ್ ಕ್ಯಾನ್ಸರ್ ಜೀವಕೋಶಗಳಿಗೆ ವಿದ್ಯುತ್ ಏಟು ಕೊಟ್ಟು ಆರ್‌ಎನ್‌ಎ ಒಳಗೆ ಸೇರಿಸಬೇಕು. ಆರ್‌ಎನ್‌ಎ ತೊಳೆಯುವಾಗ ಉಪ್ಪು ಉಳಿದಿದ್ದರೆ ಅದನ್ನಿಟ್ಟ ಕ್ಯುವೆಟ್ (ಚಿಕ್ಕ ಡಬ್ಬಿ) ‘ಚಟ್’ ಎಂದು ಕಿಡಿ ಹಾರಿಸುತ್ತದೆ, ಅವತ್ತಿನ ಜೀವಕೋಶ ಗೋವಿಂದ. ಒಂದು ದಿನ ಬಿಟ್ಟು ಜಿ418, ಮಿಲಿಲೀಟರಿಗೆ 0.5ರಿಂದ 1 ಮಿಲಿಗ್ರಾಂ. ಬಾಟಲಿಯಿಂದ ಬಾಟಲಿಗೆ ಈ ಮದ್ದಿನ ಕಸುವು ಬೇರೆಯಾದ್ದರಿಂದ ಬರೀ ಹುಹ್-7 ಜೀವಕೋಶ ಎಷ್ಟಕ್ಕೆ ಸಾಯುತ್ತದೆ ಎಂದು ಮೊದಲೇ ಅಳೆದಿಟ್ಟುಕೊಳ್ಳಬೇಕು. ವಾರಕ್ಕೆರಡು ಸಲ ಮೀಡಿಯಾ ಬದಲಿಸುತ್ತ, ಸತ್ತವನ್ನು ತೊಳೆಯುತ್ತ ಹೋದರೆ ಮೂರ್ನಾಲ್ಕು ವಾರಕ್ಕೆ ಕಾಲೊನಿ ಕಾಣುತ್ತವೆ. ಕಂಡದ್ದೆಲ್ಲ ನಿಜವಲ್ಲ. ಡಿಎನ್‌ಏಸ್ ಸರಿಯಾಗಿ ಆಗದಿದ್ದರೆ ಉಳಿದ ಪ್ಲಾಸ್ಮಿಡ್ ಜೀವಕೋಶದ ಕ್ರೋಮೋಸೋಮಿನಲ್ಲಿ ಸೇರಿಕೊಂಡು ವಿಷ ತಡೆಯುವ ಜೀನ್ ಅಲ್ಲಿಂದಲೇ ನಡೆಯುತ್ತದೆ, ನಕಲಿನ ಸುಳಿವೂ ಇರುವುದಿಲ್ಲ. ಅದಕ್ಕೇ ಎರಡು ಕಾವಲು. ಒಂದು, ಪಾಲಿಮರೇಸ್‌ನ ಮುಖ್ಯ ಜಾಗದಲ್ಲಿ ಒಂದು ಅಮೈನೋ ಆಮ್ಲ ಬದಲಿಸಿದ ಸತ್ತ ರೆಪ್ಲಿಕಾನ್, ಅದರ ತಟ್ಟೆ ಪೂರ್ತಿ ಖಾಲಿಯಾಗಲೇಬೇಕು. ಇನ್ನೊಂದು, ಆಕ್ಟಿನೋಮೈಸಿನ್ ಡಿ. ಇದು ಡಿಎನ್‌ಎಯಿಂದ ಆರ್‌ಎನ್‌ಎ ಆಗುವುದನ್ನು ನಿಲ್ಲಿಸುತ್ತದೆ. ಇದರ ಎದುರಲ್ಲೂ ವಿಕಿರಣ ಗುರುತಿನ ಹೊಸ ಆರ್‌ಎನ್‌ಎ ಸರಿಯಾದ ಉದ್ದದಲ್ಲಿ ಬಂದರೆ ಅದು ವೈರಸ್ಸಿನದೇ. ಇನ್ನೊಂದು ಕಿವಿಮಾತು: ಜೀವಕೋಶ ತಟ್ಟೆ ತುಂಬಿ ಬೆಳವಣಿಗೆ ನಿಂತರೆ ರೆಪ್ಲಿಕಾನ್ ಆರ್‌ಎನ್‌ಎ ಕುಸಿಯುತ್ತದೆ. ಔಷಧಿ ಕೆಲಸ ಮಾಡಿತೆಂದು ಹಿಗ್ಗುವ ಮೊದಲು ಎರಡು ತಟ್ಟೆಗಳ ಒತ್ತು ಒಂದೇ ಇದೆಯೇ ನೋಡುವುದು ಒಳ್ಳೆಯದು.

ಇಂಥ ಕಾಲೊನಿಗಳೊಳಗಿನ ಆರ್‌ಎನ್‌ಎಯನ್ನು 2000ದಲ್ಲಿ ರೈಸ್ ಲ್ಯಾಬಿನ ಕೆರಿಲ್ ಬ್ಲೈಟ್ ಮತ್ತಿತರರು ಓದಿದಾಗ ಅಲ್ಲಿ ಸಣ್ಣ ಬದಲಾವಣೆಗಳು ಕಂಡವು, ಹೆಚ್ಚಿನವು ಎನ್‌ಎಸ್5ಎ ಎಂಬ ಪ್ರೋಟೀನಿನಲ್ಲಿ. ಅದರಲ್ಲಿ ಒಂದನ್ನು ಮೂಲ ರೆಪ್ಲಿಕಾನ್‌ಗೆ ಹಾಕಿದರೆ ನೂರರಲ್ಲಿ ಹತ್ತು ಜೀವಕೋಶ ಹಿಡಿಯತೊಡಗಿದವು. ಆಮೇಲೆ ಇನ್ನೊಂದು ಚಂದದ ಕೆಲಸ: ರೆಪ್ಲಿಕಾನ್ ಇರುವ ಜೀವಕೋಶಗಳಿಗೆ ಇಂಟರ್‌ಫೆರಾನ್ (ವೈರಸ್ ತಡೆಯಲು ಮೈ ತಯಾರಿಸುವ ಪ್ರೋಟೀನ್) ಕೊಟ್ಟು ರೆಪ್ಲಿಕಾನ್ ಓಡಿಸಿ, ಖಾಲಿಯಾದ ಆ ಜೀವಕೋಶವನ್ನೇ ಮತ್ತೆ ಬಳಸುವುದು. ಒಮ್ಮೆ ಸಲೀಸಾಗಿ ಹಿಡಿದದ್ದು ಮತ್ತೆಯೂ ಹಿಡಿಯಬಹುದೆಂಬ ಊಹೆ ಫಲಿಸಿತು. 2002ರ ಹುಹ್-7.5 ಹುಟ್ಟಿದ್ದು ಹೀಗೆ. ವೈರಸ್ ಬಂದಿದೆ ಎಂದು ಸಾರುವ ರಿಗ್-1 ಪ್ರೋಟೀನ್ ಇದರಲ್ಲಿ ಕೆಟ್ಟಿದೆ ಎಂದು ತಿಳಿದದ್ದು ಮೂರು ವರ್ಷದ ನಂತರ.

ತಟ್ಟೆಗೆ ಒಗ್ಗಿದ್ದು ಮೈಗೆ ಒಗ್ಗದು

ಇಷ್ಟಾದರೂ ಒಂದು ಮುಳ್ಳು ಉಳಿದಿತ್ತು. ತಟ್ಟೆಯಲ್ಲಿ ಚೆನ್ನಾಗಿ ನಡೆಯುವ ಮೂರು ಬದಲಾವಣೆಗಳನ್ನು ಪೂರ್ಣ ಜೀನೋಮ್‌ಗೆ ಹಾಕಿ ಚಿಂಪಾಂಜಿಗೆ ಕೊಟ್ಟಾಗ ಸೋಂಕೇ ಹತ್ತಲಿಲ್ಲ. ಒಂದೇ ಬದಲಾವಣೆ ಇದ್ದದ್ದು ಕುಂಟುತ್ತ ಹತ್ತಿತು, ಏಳನೇ ವಾರದ ಹೊತ್ತಿಗೆ ಆ ಬದಲಾವಣೆ ಅಳಿದು ಮೂಲ ಅಕ್ಷರ ಮರಳಿತ್ತು. ಯೆನ್ಸ್ ಬುಕ್ ತಂಡ 2002ರಲ್ಲಿ ಇದನ್ನು ತೋರಿಸಿತು. ಲ್ಯಾಬಿನ ಜೀವಕೋಶದಲ್ಲಿ ವೈರಸ್ ಚೆನ್ನಾಗಿ ಬೆಳೆಯುತ್ತಿದೆ ಎಂಬ ಮಾತು ಎಲ್ಲಿ ಕೇಳಿದರೂ ನನಗೆ ಈ ಫಲಿತಾಂಶ ನೆನಪಾಗುತ್ತದೆ.

ಹಾಗೆಂದು ರೆಪ್ಲಿಕಾನ್ ದಂಡವಾಯಿತೆಂದಲ್ಲ. ಎನ್‌ಎಸ್5ಎ ಯಾವ ರಾಸಾಯನಿಕ ಕ್ರಿಯೆಯನ್ನೂ ನಡೆಸುವ ಕಿಣ್ವವಲ್ಲ. ಶುದ್ಧ ಮಾಡಿ ಕೊಳವೆಯಲ್ಲಿಟ್ಟರೆ ತಡೆಯುವುದಕ್ಕೆ ಏನೂ ಇಲ್ಲ. ರೆಪ್ಲಿಕಾನ್ ಇದ್ದುದರಿಂದಲೇ ಕಂಪನಿಯವರು ರಾಸಾಯನಿಕಗಳನ್ನು ಜೀವಕೋಶದ ಮೇಲೆ ಹಾಕಿ, ಯಾವುದು ನಕಲು ನಿಲ್ಲಿಸುತ್ತದೆ ಎಂದಷ್ಟೇ ಕೇಳಬಹುದಾಯಿತು. ಸಿಕ್ಕ ಡಕ್ಲಾಟಾಸ್ವಿರ್ ಪಿಕೋಮೋಲಾರ್ ಮಟ್ಟದಲ್ಲಿ, ಅಂದರೆ ತೀರ ಅತ್ಯಲ್ಪ ಪ್ರಮಾಣದಲ್ಲೂ, ಕೆಲಸ ಮಾಡುತ್ತದೆ. ಪಾಲಿಮರೇಸ್ ತಡೆಯುವ ಸೋಫೋಸ್ಬುವಿರ್‌ಗೆ ಅಮೆರಿಕದಲ್ಲಿ 2013ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಹಿಂದೆ ಇಂಟರ್‌ಫೆರಾನ್ ಚುಚ್ಚಿಸಿಕೊಂಡು 48 ವಾರ ನರಳಿದರೂ ಜೀನೋಟೈಪ್ 1 ಎಂಬ ಬಗೆಯ ವೈರಸ್ ಇರುವವರಲ್ಲಿ ಅರ್ಧದಷ್ಟು ಮಂದಿಗೆ ಗುಣವಾದರೆ ಹೆಚ್ಚು. ಈಗ 8ರಿಂದ 12 ವಾರ ಮಾತ್ರೆ, ಗುಣವಾಗುವವರು ನೂರಕ್ಕೆ 95ರ ಮೇಲೆ.

2005ರಲ್ಲಿ ಕೊನೆಗೂ ಇಡೀ ವೈರಸ್ ತಟ್ಟೆಯಲ್ಲಿ ಬೆಳೆಯಿತು. ತೀವ್ರ ಹೆಪಟೈಟಿಸ್ ಆಗಿದ್ದ ಜಪಾನಿನ ರೋಗಿಯೊಬ್ಬರಿಂದ ವಕಿಟಾ ತಂಡ ಪಡೆದ ಜೆಎಫ್‌ಎಚ್-1 ತಳಿ ಯಾವ ಹೊಂದಾಣಿಕೆಯ ಬದಲಾವಣೆಯೂ ಇಲ್ಲದೆ ನಡೆಯುತ್ತಿತ್ತು. ವಕಿಟಾ ತಂಡ, ರೈಸ್ ಲ್ಯಾಬಿನ ಲಿಂಡೆನ್‌ಬಾಕ್, ಇನ್ನೊಂದು ಗುಂಪು, ಮೂವರೂ ಒಂದೇ ವರ್ಷ ಪ್ರಕಟಿಸಿದರು. ಅಷ್ಟಾದರೂ ಸಿಂಡ್‌ಬಿಸ್‌ನ ಹಾಗೆ ತೂತು ಎಣಿಸುವ ಸುಖ ಸಿಗಲಿಲ್ಲ. 96 ಬಾವಿಯ ತಟ್ಟೆಯಲ್ಲಿ ವೈರಸ್ಸನ್ನು ತೆಳುಮಾಡುತ್ತ ಹೋಗಿ, ಮೂರು ದಿನದ ಮೇಲೆ ಎನ್‌ಎಸ್5ಎಗೆ ಆ್ಯಂಟಿಬಾಡಿ ಹಾಕಿ, ಯಾವ ಬಾವಿಯಲ್ಲಿ ಬಣ್ಣ ಹತ್ತಿದ ಜೀವಕೋಶ ಒಂದಾದರೂ ಇದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅರ್ಧ ಬಾವಿಗಳು ಸೋಂಕಾಗುವ ಹಂತವನ್ನು ಲೆಕ್ಕ ಹಾಕಬೇಕು. ಅಂಚಿನ ಬಾವಿಗಳು ಬೇಗ ಒಣಗುವುದರಿಂದ ಅವನ್ನು ಎಣಿಕೆಗೆ ಸೇರಿಸದವರೇ ಹೆಚ್ಚು.

ಜೆಎಫ್‌ಎಚ್-1 ಬೆಳೆದು ಮಿಕ್ಕ ತಳಿಗಳು ಏಕೆ ಬೆಳೆಯುವುದಿಲ್ಲ ಎಂಬುದರ ಒಂದು ಭಾಗ ಬಿಚ್ಚಿಕೊಳ್ಳಲು ಮತ್ತೆ ಹತ್ತು ವರ್ಷ. ಜೀವಕೋಶದ ಕೊಬ್ಬು ಆಕ್ಸಿಡೀಕರಣವಾದರೆ ಬಹುತೇಕ ತಳಿಗಳ ನಕಲು ನಿಲ್ಲುತ್ತದೆ, ಜೆಎಫ್‌ಎಚ್-1ಗೆ ಅದರ ಪರಿವೆಯಿಲ್ಲ. ಸುಮಾರು 7,000 ಮಾನವ ಜೀನ್‌ಗಳನ್ನು ಒಂದೊಂದಾಗಿ ಜೀವಕೋಶಗಳಿಗೆ ಕೊಟ್ಟು ಜಾಲಾಡಿದ ರೈಸ್ ಲ್ಯಾಬಿಗೆ 2015ರಲ್ಲಿ ಎಸ್‌ಇಸಿ14ಎಲ್2 ಎಂಬ ಪ್ರೋಟೀನ್ ಸಿಕ್ಕಿತು. ಲ್ಯಾಬಿನ ಕ್ಯಾನ್ಸರ್ ಜೀವಕೋಶಗಳಲ್ಲಿ ಅದು ಇರಲೇ ಇಲ್ಲ. ಸೇರಿಸಿದ ಮೇಲೆ ರೋಗಿಯ ರಕ್ತದ ವೈರಸ್ಸೂ ತಟ್ಟೆಯಲ್ಲಿ ನಕಲಾಗತೊಡಗಿತು. ಅದೇ 2015ರಲ್ಲಿ ಎನ್‌ಐಎಚ್ ಚಿಂಪಾಂಜಿ ಪ್ರಯೋಗಗಳಿಗೆ ಪೂರ್ಣವಿರಾಮ ಹಾಕಿತು. ಅದು ಆಗಬೇಕಾದ್ದೇ. ಆದರೆ ಲಸಿಕೆ ಇನ್ನೂ ಬಂದಿಲ್ಲ, ಅದನ್ನು ಪರೀಕ್ಷಿಸಲು ರೋಗನಿರೋಧಕ ವ್ಯವಸ್ಥೆ ಇರುವ ಮೈ ಬೇಕೇ ಬೇಕು. ಸದ್ಯ ಎಲ್ಲರ ಕಣ್ಣು ನ್ಯೂಯಾರ್ಕಿನ ಹೆಗ್ಗಣಗಳಲ್ಲಿ ಸಿಕ್ಕ ಒಂದು ನೆಂಟ ವೈರಸ್ಸಿನ ಮೇಲಿದೆ. ಹೆಗ್ಗಣದಲ್ಲಿ ಅದು ಮನುಷ್ಯರಲ್ಲಿ ಸಿ ಇದ್ದಂತೆ ಲಿವರ್‌ನಲ್ಲಿ ಬೀಡುಬಿಡುತ್ತದೆ. ಲ್ಯಾಬಿನ ಸಾಮಾನ್ಯ ಇಲಿಗಳಿಗೆ ಕೊಟ್ಟರೆ ಮೂರರಿಂದ ಐದು ವಾರದಲ್ಲಿ ಅವು ಅದನ್ನು ಹೊರಹಾಕುತ್ತವೆ. ಚುಚ್ಚುವ ಮೊದಲು ರೋಗನಿರೋಧಕ ವ್ಯವಸ್ಥೆಯ ಸಿಡಿ4 ಟಿ ಜೀವಕೋಶಗಳನ್ನು ಕೆಲಕಾಲ ತೆಗೆದಿಟ್ಟರೆ ಮಾತ್ರ ಇಲಿಯಲ್ಲೂ ಸೋಂಕು ನಿಲ್ಲುತ್ತದೆ.